ಬೆನ್ನ ಮೇಲಿನ ಕೊಂಬು

ನಮ್ಮ ಕಡೆ ಚಿತ್ರವನ್ನು ಬರೆಯುತ್ತಾರೆ, ಬಿಡಿಸುತ್ತಾರೆ ಕೂಡ. ಗಂಟನ್ನೂ ಒಗಟನ್ನೂ ಬಿಡಿಸುವ ಭಾಷೆಯೇ ಚಿತ್ರವನ್ನೂ ಬಿಡಿಸುತ್ತದೆ ಎನ್ನುವುದು ಸೋಜಿಗ. ಬೇರೊಬ್ಬರು ಎಂದೋ ಬರೆದ ಚಿತ್ರವನ್ನು ಗೆರೆಗೆ ಗೆರೆ ಇಟ್ಟು ಮತ್ತೆ ಬರೆಯಲು ಕೂತಾಗ ಈ ಎರಡನೆಯ ಮಾತು ಎಷ್ಟು ಸರಿ ಎಂದು ತಿಳಿಯುತ್ತದೆ. ನೋಡುವ ಕಣ್ಣು ಚಿತ್ರದ ಮೇಲೆ ಜಾರಿಹೋಗುತ್ತದೆ. ಬರೆಯುವ ಕೈ ಹಾಗೆ ಜಾರಲಾರದು. ಅದು ಒಂದೊಂದು ಗೆರೆಯ ಬಳಿಯೂ ನಿಂತು, ನೀನು ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂದು ವಿಚಾರಿಸಬೇಕಾಗುತ್ತದೆ. ಹಾಗೆ ವಿಚಾರಿಸಿದಾಗ ಕೆಲವು ಗೆರೆಗಳು ಸರಿಯಾದ ಉತ್ತರ ಕೊಡುವುದಿಲ್ಲ. ನಾನು ಹೇಳಹೊರಟಿರುವುದು ಅಂಥ ಗೆರೆಗಳ ಬಗ್ಗೆ.

ಬೋರ್ಡು ಬರೆಯುವುದು ನನ್ನ ಕಸುಬು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು. ಭಾನುವಾರಗಳಂದು ಹಳೇ ದಾವಣಗೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಏಳೆಂಟು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಅವರಲ್ಲಿ ಇಬ್ಬರಿಗೆ ಮುಂದೆ ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯ ಸೇರುವ ಆಸೆ. ಒಬ್ಬಳು ರೈಲು ಹಳಿಯ ಆಚೆ, ವಿದ್ಯಾನಗರದ ಹುಡುಗಿ. ಇನ್ನೊಬ್ಬ ನಮ್ಮ ಹಿಂದಿನ ಬೀದಿಯವನು. ಅವನ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾರೆ. ಇವರಿಬ್ಬರಿಗೆ ಕ್ರಾಸ್ ಹ್ಯಾಚಿಂಗ್ ಕಲಿಸಲು ನಾನು ಆರಿಸಿಕೊಂಡದ್ದು ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ಪೆನ್ನು ಮತ್ತು ಕಂದು ಮಸಿಯಲ್ಲಿ ಬರೆದ ಘೇಂಡಾಮೃಗ. ಮೂಲ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಅಳತೆ ಸುಮಾರು 27 ಸೆಂಟಿಮೀಟರ್ ಎತ್ತರ, 42 ಸೆಂಟಿಮೀಟರ್ ಅಗಲ. ಅಂದರೆ ಎ-3 ಹಾಳೆಯಲ್ಲಿ ಪ್ರಿಂಟ್ ತೆಗೆಸಿದರೆ ಹೆಚ್ಚುಕಡಿಮೆ ಮೂಲದಷ್ಟೇ ದೊಡ್ಡ ಮೃಗ ನಮ್ಮ ಮೇಜಿನ ಮೇಲೆ ಬಂದು ನಿಲ್ಲುತ್ತದೆ.

ಜರ್ಮನಿಯ ಚಿತ್ರ ಎಂದೆನಷ್ಟೆ. ಮೃಗ ಮಾತ್ರ ನಮ್ಮ ದೇಶದ್ದು. 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡಿದ್ದ ಪೋರ್ಚುಗೀಸ್ ಅಧಿಕಾರಿ ಅಲ್ಬುಕರ್ಕ್, ದಿಯು ದ್ವೀಪದಲ್ಲಿ ಕೋಟೆ ಕಟ್ಟಲು ಅನುಮತಿ ಬೇಡಿ 1514ರಲ್ಲಿ ಗುಜರಾತಿನ ಸುಲ್ತಾನ ಎರಡನೇ ಮುಜಫ್ಫರ್ ಶಾಹನ ಬಳಿಗೆ ದೂತರನ್ನು ಕಳಿಸಿದ. ಸುಲ್ತಾನ ಕೋಟೆಗೆ ಒಪ್ಪಲಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ, ಉಡುಗೊರೆಗಳ ಜತೆ ಒಂದು ಘೇಂಡಾಮೃಗವನ್ನು ಕೊಟ್ಟ. ಅಲ್ಬುಕರ್ಕ್ ಅದನ್ನು ತನ್ನ ದೊರೆ ಮ್ಯಾನುಯೆಲನಿಗೆ ಕಳಿಸಿದ. 1515ರ ಜನವರಿಯಲ್ಲಿ ಗೋವೆಯಿಂದ ಹೊರಟ ಹಡಗು ಮೇ 20ರಂದು ಲಿಸ್ಬನ್ ಮುಟ್ಟಿತು. ರೋಮನ್ನರ ಕಾಲದ ನಂತರ ಯುರೋಪು ಜೀವಂತ ಘೇಂಡಾಮೃಗವನ್ನು ಕಂಡದ್ದು ಆಗಲೇ. ಪೋರ್ಚುಗೀಸರು ಅದನ್ನು ‘ಗಂಡಾ’ ಎಂದು ಕರೆದರು. ಶಾಲೆಯ ಪುಸ್ತಕದಲ್ಲಿ ‘ಘೇಂಡಾಮೃಗ’ ಎಂದು ಓದಿದ ನಮ್ಮ ಮಕ್ಕಳಿಗೆ ಆ ಹೆಸರು ಕೇಳಿ ನಗು ಬಂತು.

ಮೃಗದ ಜತೆ ಅದರ ಪಾಲಕನೂ ಹಡಗು ಹತ್ತಿದ್ದ. ಪೋರ್ಚುಗೀಸರ ದಾಖಲೆಗಳಲ್ಲಿ ಅವನ ಹೆಸರು ಓಸೆಂ ಎಂದಿದೆ. ಅದು ಹುಸೇನನೋ ಹಾಶಿಮನೋ ಇನ್ನಾವುದೋ, ಪರದೇಶಿ ನಾಲಿಗೆಯಲ್ಲಿ ಹೊರಳಿ ಹಾಗಾಗಿರಬೇಕು. ಅವನಿಗೆ ಅದರ ಮೈಯ ಮಡಿಕೆ ಮಡಿಕೆಯೂ ಗೊತ್ತಿದ್ದಿರಬೇಕು. ಯಾವ ಮಡಿಕೆಯಲ್ಲಿ ಉಣ್ಣೆ ಕೂರುತ್ತದೆ, ಯಾವ ಕಾಲಿನ ಉಗುರು ಸವೆದಿದೆ, ಸಿಟ್ಟು ಬಂದರೆ ಕಿವಿ ಹೇಗೆ ತಿರುಗುತ್ತದೆ ಎಂಬುದನ್ನೆಲ್ಲ ಬಲ್ಲವನು ಅವನು.

ಡ್ಯೂರರ್ ಇದ್ದದ್ದು ದೂರದ ನ್ಯೂರೆಂಬರ್ಗಿನಲ್ಲಿ. ಅವನಿಗೆ ತಲುಪಿದ್ದು ಲಿಸ್ಬನ್ನಿನಿಂದ ಬಂದ ಒಂದು ಕಾಗದದ ಒಕ್ಕಣೆ ಮತ್ತು ಯಾರೋ ಗೀಚಿದ ಒಂದು ಚಿತ್ರ. ಅಷ್ಟನ್ನೇ ನೆಚ್ಚಿ ಅವನು ಈ ಮೃಗವನ್ನು ಬರೆದ. ಆಮೇಲೆ ಅದನ್ನೇ ಮರದ ಹಲಗೆಯ ಮೇಲೆ ಕೊರೆಸಿ ಅಚ್ಚು ಹಾಕಿಸಿದ. ಅವನು ಬದುಕಿದ್ದಾಗಲೇ ಅದರ ಸಾವಿರಾರು ಪ್ರತಿಗಳು ಮಾರಾಟವಾದವು. ಅತ್ತ ಮ್ಯಾನುಯೆಲ್ ದೊರೆ ಮೃಗವನ್ನು ಪೋಪ್ ಹತ್ತನೇ ಲಿಯೋಗೆ ಉಡುಗೊರೆಯಾಗಿ ಕಳಿಸಿದ. 1516ರ ಆರಂಭದಲ್ಲಿ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿತು. ಘೇಂಡಾಮೃಗ ಈಜಬಲ್ಲ ಪ್ರಾಣಿ. ಆದರೆ ಅದನ್ನು ಸರಪಳಿಯಲ್ಲಿ ಬಿಗಿದಿದ್ದರು. ಮೃಗ ಸತ್ತಿತು, ಚಿತ್ರ ಉಳಿಯಿತು. ಮುಂದೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಪುಸ್ತಕಗಳಲ್ಲಿ ಘೇಂಡಾಮೃಗ ಎಂದರೆ ಡ್ಯೂರರ್ ಬರೆದದ್ದೇ ಆಯಿತು.

ಇನ್ನು ನಮ್ಮ ಕೆಲಸದ ಕಡೆಗೆ ಬರುತ್ತೇನೆ. ಮೊದಲು ಮಸಿ. ಆ ಕಾಲದ ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಮಾಚಿಕಾಯಿ ಮತ್ತು ಅನ್ನಭೇದಿ ಸೇರಿಸಿ ಮಾಡಿದ ಮಸಿ. ಬರೆದಾಗ ಕಪ್ಪಾಗಿದ್ದು, ವರ್ಷಗಳು ಕಳೆದಂತೆ ಅದು ಕಂದಾಗುತ್ತದೆ. ನಮ್ಮ ಹಿರಿಯರು ಮಾಚಿಕಾಯಿಯ ಜಾಗದಲ್ಲಿ ಅಳಲೆಕಾಯಿ ಹಾಕುತ್ತಿದ್ದರು. ಎರಡೂ ಇವತ್ತಿಗೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಅಳಲೆಕಾಯಿ ಜಜ್ಜಿ ನೆನೆಹಾಕಿ ಕುದಿಸಿ, ಸೋಸಿದ ನೀರಿಗೆ ಅನ್ನಭೇದಿ ಬೆರೆಸಿದರೆ ಚಹಾದಂತಿದ್ದ ನೀರು ಕಣ್ಣೆದುರೇ ಕಪ್ಪಾಗುತ್ತದೆ. ಸ್ವಲ್ಪ ಜಾಲಿ ಗೋಂದು ಹಾಕಿದರೆ ಮಸಿ ನಿಬ್ಬಿನಲ್ಲಿ ನಿಲ್ಲುತ್ತದೆ, ಹಾಳೆಯಲ್ಲಿ ಹರಡುವುದಿಲ್ಲ. ಇದು ನಿಬ್ಬನ್ನು ತಿನ್ನುವ ಮಸಿಯಾದ್ದರಿಂದ ಆಗಾಗ ನೀರಿನಲ್ಲಿ ಅದ್ದಿ ಒರೆಸುತ್ತಿರಬೇಕು.

ಆಮೇಲೆ ಚೌಕಗಳು. ಸಿನಿಮಾ ಬ್ಯಾನರ್ ಬರೆಯುವವರು ಚಿಕ್ಕ ಫೋಟೋವನ್ನು ಇಪ್ಪತ್ತು ಅಡಿಗೆ ಹಿಗ್ಗಿಸುತ್ತಿದ್ದದ್ದು ಹೀಗೆಯೇ. ಪ್ರಿಂಟಿನ ಮೇಲೂ ಹಾಳೆಯ ಮೇಲೂ ಸಮನಾಗಿ ಚೌಕ ಹಾಕಿ, ತೆಳುವಾದ ಪೆನ್ಸಿಲಿನಲ್ಲಿ ಹೊರಗೆರೆ ಮಾತ್ರ ಎತ್ತಿಕೊಳ್ಳಬೇಕು. ನೆರಳಿಗೆ ಪೆನ್ಸಿಲ್ ಮುಟ್ಟಿಸಬಾರದು. ನೆರಳೆಲ್ಲ ಮಸಿಯ ಪಾಲು.

ನೆರಳು ಕಟ್ಟುವುದನ್ನು ನಾನು ಮಕ್ಕಳಿಗೆ ನೇಕಾರರ ಮಾತಿನಲ್ಲಿ ಹೇಳುತ್ತೇನೆ. ಮೊದಲ ಸಾಲು ಗೆರೆಗಳು ಹಾಸು, ಅವನ್ನು ದಾಟುವ ಗೆರೆಗಳು ಹೊಕ್ಕು. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1801ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಂಬಳಿಯ ಬಗ್ಗೆ ಬರೆದಿದ್ದಾನೆ. ಆಮೇಲೆ ಬಂದ ಹತ್ತಿ ಗಿರಣಿಗಳ ಕಾಲ ನಮಗೇ ಗೊತ್ತಿದೆ. ಹಾಸಿನ ಗೆರೆ ವಸ್ತುವಿನ ಮೈಯನ್ನು ಅನುಸರಿಸಬೇಕು. ಹೊಟ್ಟೆ ಉಬ್ಬಿದ ಕಡೆ ಗೆರೆಯೂ ಉಬ್ಬಬೇಕು, ಮಡಿಕೆ ಇಳಿದ ಕಡೆ ಗೆರೆಯೂ ಇಳಿಯಬೇಕು. ಅದು ಒಣಗಿದ ಮೇಲೆಯೇ ಹೊಕ್ಕು. ಹೊಕ್ಕಿನ ಗೆರೆ ಹಾಸನ್ನು ನೆಟ್ಟಗೆ ಅಡ್ಡಲಾಗಿ ಕತ್ತರಿಸಿದರೆ ಮೈ ಹೋಗಿ ಕಿಟಕಿಯ ಜಾಲರಿಯಾಗುತ್ತದೆ. ಸ್ವಲ್ಪ ಓರೆಯಾಗಿ ದಾಟಿದರೆ ಚರ್ಮವಾಗುತ್ತದೆ. ತೀರ ಗಾಢ ನೆರಳಿದ್ದರೆ ಮಾತ್ರ ಮೂರನೆಯ ಸಾಲು. ಬೆಳಕಿಗೆ ಬೇರೆ ಬಣ್ಣವಿಲ್ಲ. ಮುಟ್ಟದೆ ಬಿಟ್ಟ ಹಾಳೆಯೇ ಬೆಳಕು. ದೂರದಿಂದ ನೋಡಿದಾಗ ಬೂದು ಬಣ್ಣ ಕಾಣುತ್ತದೆ. ಹತ್ತಿರ ಹೋದರೆ ಬೂದು ಎನ್ನುವುದು ಹಾಳೆಯ ಮೇಲೆ ಎಲ್ಲೂ ಇಲ್ಲ. ಕಪ್ಪು ಗೆರೆ, ಬಿಳಿ ಸಂದು, ಅಷ್ಟೇ. ಅವನ್ನು ಬೆರೆಸಿ ಬೂದು ಮಾಡುವುದು ನಮ್ಮ ಕಣ್ಣು.

ಇದೇ ಗೆರೆಗಳನ್ನು ಮರದಲ್ಲಿ ಕೊರೆಯುವುದು ಬೇರೆಯೇ ಕಥೆ. ಪೆನ್ನಿನಲ್ಲಾದರೆ ಎರಡು ಗೆರೆ ದಾಟಿಸಲು ಎರಡು ಸಲ ಕೈಯಾಡಿಸಿದರೆ ಸಾಕು. ಮರದಚ್ಚಿನಲ್ಲಿ ಗೆರೆ ಉಬ್ಬಾಗಿ ಉಳಿಯಬೇಕು. ಹಾಗಾಗಿ ದಾಟುವ ಗೆರೆಗಳ ನಡುವಿನ ಒಂದೊಂದು ಚಿಕ್ಕ ಚೌಕವನ್ನೂ ಚಾಕುವಿನ ಮೊನೆಯಿಂದ ತೆಗೆಯಬೇಕು. ಹಲಗೆಯನ್ನು ಕೊರೆದ ಕೈ ಯಾರದೋ, ಅಚ್ಚಿನ ಮೇಲೆ ಇರುವುದು ಡ್ಯೂರರನ ಸಹಿ ಮಾತ್ರ.

ತಿಂಗಳೊಪ್ಪತ್ತಿನಲ್ಲಿ ತಲೆ, ಕಾಲು ಮುಗಿದು, ಇಬ್ಬರೂ ಮೃಗದ ಬೆನ್ನಿಗೆ ಬಂದರು. ಅಲ್ಲಿ ಹುಡುಗಿಯ ಪೆನ್ನು ನಿಂತಿತು. ಹೆಗಲ ಮೇಲೆ, ಕತ್ತು ಮುಗಿಯುವ ಕಡೆ, ತಿರುಪಿನಂತೆ ಸುತ್ತಿಕೊಂಡ ಇನ್ನೊಂದು ಚಿಕ್ಕ ಕೊಂಬು ಇದೆ.

‘ಸಾರ್, ನಮ್ಮ ದೇಶದ ಘೇಂಡಾಮೃಗಕ್ಕೆ ಒಂದೇ ಕೊಂಬು ತಾನೆ? ಇದು ತಪ್ಪಲ್ವಾ? ಬಿಟ್ಟುಬಿಡ್ಲಾ?’

‘ಬಿಟ್ರೆ ಅದು ಅವನ ಚಿತ್ರ ಹೆಂಗಾಗ್ತತೆ?’ ಎಂದ ಹುಡುಗ.

‘ತಪ್ಪು ಅಂತ ಗೊತ್ತಿದ್ದೂ ಬರೀಬೇಕಾ?’

ಇಬ್ಬರೂ ನನ್ನ ಮುಖ ನೋಡಿದರು. ಪ್ರಶ್ನೆ ಸಣ್ಣದಲ್ಲ. ನಕಲು ಮಾಡುವವನು ಯಾರಿಗೆ ನಿಷ್ಠನಾಗಿರಬೇಕು, ಚಿತ್ರಕ್ಕೋ ಮೃಗಕ್ಕೋ? ಬರಿಯ ಕೊಂಬಿನ ಮಾತೂ ಅಲ್ಲ ಅದು. ಡ್ಯೂರರ್ ಕಾಲಿನ ತುಂಬ ಮೀನಿನ ಹುರುಪೆಯಂಥದನ್ನು ಬರೆದಿದ್ದಾನೆ. ಮೈಯ ಮಡಿಕೆಗಳನ್ನು ಯುದ್ಧಕ್ಕೆ ಹೊರಟ ಸವಾರನ ಕವಚದ ತಗಡುಗಳಂತೆ ಜೋಡಿಸಿದ್ದಾನೆ. ಅವನ ಕೈಗೆ ಬಂದ ಒಕ್ಕಣೆಯಲ್ಲಿ ಮೃಗಕ್ಕೆ ದಪ್ಪ ಚಿಪ್ಪಿದೆ ಎಂದಿತ್ತು. ಚಿಪ್ಪು ಎಂಬ ಮಾತು ಅವನ ಕಿವಿಗೆ ಬಿದ್ದು ಕೈಗೆ ಇಳಿಯುವಷ್ಟರಲ್ಲಿ ಉಕ್ಕಾಯಿತು. ನನಗೆ ಕಂಡಂತೆ, ಅವನ ಗೆರೆ ಅತಿ ಹೆಚ್ಚು ಶ್ರಮಪಟ್ಟಿರುವುದು ಅವನು ಕಾಣದೇ ಇದ್ದ ಕಡೆಗಳಲ್ಲಿಯೇ. ಗೊತ್ತಿಲ್ಲದ್ದನ್ನು ಅವನು ಖಾಲಿ ಬಿಡಲಿಲ್ಲ. ಅಲ್ಲಿ ಇನ್ನಷ್ಟು ಹಾಸು, ಇನ್ನಷ್ಟು ಹೊಕ್ಕು ತುಂಬಿದ. ಅದಕ್ಕೇ ಅದು ಅಷ್ಟು ನಿಜವಾಗಿ ಕಾಣುತ್ತದೆ.

ಕಂಡು ಬರೆದವರು ಇರಲಿಲ್ಲವೆಂದಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಸಿಂಧೂ ಕಣಿವೆಯ ಕುಶಲಿಗಳು ಹೆಬ್ಬೆರಳಿನಷ್ಟು ಅಗಲದ ಕಲ್ಲಿನ ಮುದ್ರೆಗಳಲ್ಲಿ ಇದೇ ಮೃಗವನ್ನು ಒಂದೇ ಕೊಂಬು, ಚರ್ಮದ ಮಡಿಕೆಗಳ ಸಮೇತ ಕೊರೆದಿದ್ದಾರೆ. ಡ್ಯೂರರನ ಸಮಕಾಲೀನನಾದ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಪ್ರಾಣಿಗಳನ್ನು ವರ್ಣಿಸುವಾಗ ಘೇಂಡಾಮೃಗದ ಮೂಗಿನ ಮೇಲೆ ಒಂದು ಕೊಂಬು ಎಂದು ನೋಡಿದ್ದನ್ನು ನೋಡಿದಂತೆ ಬರೆದ. ಅವೆಲ್ಲ ನ್ಯೂರೆಂಬರ್ಗಿಗೆ ಹೋಗಲಿಲ್ಲ.

ಹಾಗೆಂದು ಕಾಣದೇ ಬರೆಯುವುದೇ ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಕಾರಣ ನನ್ನ ಸೋದರಮಾವ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಅವರು ಟ್ರೇಸರ್ ಆಗಿದ್ದರು. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ನಾನು ಮೊದಲು ಹ್ಯಾಚಿಂಗ್ ಎಂಬ ಮಾತು ಕೇಳಿದ್ದು ಯಾವ ಕಲಾವಿದರಿಂದಲೂ ಅಲ್ಲ, ಅವರಿಂದ. ಯಂತ್ರದ ಭಾಗವನ್ನು ಕತ್ತರಿಸಿ ನೋಡಿದರೆ ಒಳಗೆ ಹೇಗಿರುತ್ತದೆ ಎಂದು ತೋರಿಸುವಾಗ, ಕತ್ತರಿಸಿದ ಮೈಗೆ 45 ಡಿಗ್ರಿ ಓರೆಯಲ್ಲಿ ಸಮಾನ ಅಂತರದ ಸಣ್ಣ ಗೆರೆ ತುಂಬಬೇಕು. ಎರಡು ಭಾಗಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದರ ಗೆರೆ ಬಲಕ್ಕೆ ವಾಲಬೇಕು, ಇನ್ನೊಂದರದ್ದು ಎಡಕ್ಕೆ. ಮಾವ ಹಗಲೆಲ್ಲ ಬರೆಯುತ್ತಿದ್ದದ್ದು ಇನ್ನೂ ಹುಟ್ಟದ ವಸ್ತುಗಳ ಹೊಟ್ಟೆಯೊಳಗನ್ನು. ಅವರೂ ಕಂಡಿರಲಿಲ್ಲ, ಯಾರೂ ಕಂಡಿರಲಿಲ್ಲ.

ಆದರೆ ಅವರು ಒಂದು ಮಾತು ಹೇಳುತ್ತಿದ್ದರು. ಡ್ರಾಯಿಂಗ್ ಶಾಪ್‌ಗೆ ಹೋಗುತ್ತದೆ, ಕೆಲಸಗಾರ ಅದನ್ನು ನೋಡಿ ಕಬ್ಬಿಣ ಕಡೆಯುತ್ತಾನೆ. ತೂತು ಕೂಡದಿದ್ದರೆ ಎಣ್ಣೆಗೈಯಲ್ಲೇ ಡ್ರಾಯಿಂಗ್ ಹಿಡಿದುಕೊಂಡು ಮೇಲೆ ಬರುತ್ತಾನೆ. ‘ಸಾರ್, ತಾಳೆ ಆಗ್ತಾ ಇಲ್ಲ’ ಅನ್ನುತ್ತಾನೆ. ಅವನು ಮೇಲೆ ಬರಲು ಅಂಜದಿದ್ದರೆ ಮಾತ್ರ ನಮ್ಮ ಡ್ರಾಯಿಂಗ್ ನೆಟ್ಟಗಿರುತ್ತದೆ. ಹಾಗೆನ್ನುತ್ತಿದ್ದರು ಮಾವ.

ಡ್ಯೂರರನಲ್ಲಿ ಕೊರತೆಯಾದದ್ದು ಪ್ರತಿಭೆಯಲ್ಲ, ಇದು. ಅವನ ಚಿತ್ರವನ್ನು ಕೈಯಲ್ಲಿ ಹಿಡಿದು, ತಾಳೆ ಆಗುತ್ತಿಲ್ಲ ಎನ್ನಲು ಯಾರೂ ಮೇಲೆ ಬರಲಿಲ್ಲ. ಹಾಗೆ ಹೇಳಬಲ್ಲವನೊಬ್ಬ ಆ ಬೇಸಿಗೆಯಲ್ಲಿ ಲಿಸ್ಬನ್ನಿನಲ್ಲಿಯೇ ಇದ್ದ. ನೋಡಿದವನು ಬರೆಯಲಿಲ್ಲ, ಬರೆದವನು ನೋಡಲಿಲ್ಲ. ಇಬ್ಬರ ನಡುವೆ ಒಂದು ಕಾಗದ ಮಾತ್ರ ಓಡಾಡಿತು.

ನಾನು ಮಕ್ಕಳಿಗೆ ಹೇಳಿದೆ: ಕೊಂಬನ್ನು ಬರೆಯಿರಿ. ಅದು ಮೃಗದ್ದಲ್ಲ ನಿಜ, ಚಿತ್ರದ್ದು. ಅದನ್ನು ಅಳಿಸಿದರೆ ಅವನಿಗೆ ಗೊತ್ತಿರಲಿಲ್ಲ ಎಂಬ ಸಾಕ್ಷಿಯನ್ನೂ ಅಳಿಸಿದಂತೆ. ಆದರೆ ಇದು ಮುಗಿದ ಮೇಲೆ ಇನ್ನೊಂದು ಹಾಳೆ ತೆಗೆದುಕೊಳ್ಳಿ. ನೀವು ಬಹಳ ಕೇಳಿರುವ, ಎಂದೂ ಕಣ್ಣಾರೆ ಕಾಣದ ಒಂದನ್ನು, ಹೋಗಿ ನೋಡಿ ಬರೆಯಿರಿ. ಬರೆದದ್ದನ್ನು ಅದರ ಜತೆ ಬದುಕುವವರಿಗೆ ತೋರಿಸಿ.

ಹುಡುಗ ಹರಿಹರೇಶ್ವರ ದೇವಸ್ಥಾನವನ್ನು ಆರಿಸಿಕೊಂಡ. ಹರಿಹರ ಇಲ್ಲಿಂದ 14 ಕಿಲೋಮೀಟರ್. ಆ ಊರಿನಲ್ಲಿ ಅವನಿಗೆ ನೆಂಟರಿದ್ದಾರೆ, ಸಂದಲ್ಲಿನ ಗೋಪುರವನ್ನು ಹೊರಗಿನಿಂದ ನೂರು ಸಲ ಕಂಡಿದ್ದಾನೆ. ಒಳಗೆ ಹೋಗಿರಲಿಲ್ಲ. ಹೋಗಬಾರದು ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಕರೆದಿರಲಿಲ್ಲ. ನಾವು ಮೂವರೂ ಬಸ್ಸಿನಲ್ಲಿ ಹೋದೆವು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಗರ್ಭಗುಡಿಯಲ್ಲಿ ಅರ್ಧ ಹರಿ, ಅರ್ಧ ಹರ. ಹೊರಗೆ ಸಾಲುಸಾಲು ಶಾಸನದ ಕಲ್ಲುಗಳು. ಮಂಟಪದ ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದಂತೆ ಬಳೆಬಳೆಯಾಗಿ ನುಣುಪು ಮಾಡಿದ್ದಾರೆ. ಏಳುನೂರು ವರ್ಷಗಳ ಮೇಲೆ ಅದೇ ಊರಿನಲ್ಲಿ ಲೇತ್ ತಯಾರಾದದ್ದನ್ನು ನೆನೆದು ನನಗೆ ಖುಷಿಯಾಯಿತು.

ಹೊಳೆಯುವ ದುಂಡು ಕಂಬಕ್ಕೆ ಹಾಸುಹೊಕ್ಕು ಹಾಕುವುದು ಘೇಂಡಾಮೃಗಕ್ಕಿಂತ ಕಷ್ಟ. ನೆರಳು ಅಂಚಿನಲ್ಲಿ ಗಾಢವಾಗಿ ಮುಗಿಯುವುದಿಲ್ಲ. ಅಂಚಿಗೆ ಹೋಗುವಾಗ ನೆಲದ ಬೆಳಕು ಹಿಂತಿರುಗಿ ಬಂದು ಮತ್ತೆ ತಿಳಿಯಾಗುತ್ತದೆ. ಇದನ್ನು ಕೇಳಿ ತಿಳಿಯಲಾಗದು, ಎದುರು ಕೂತೇ ತಿಳಿಯಬೇಕು. ಹುಡುಗ ಮೂರು ಗಂಟೆ ಕೂತ. ಅಲ್ಲಿ ಕಸ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಹಿಂದೆ ನಿಂತು ನೋಡಿ, ‘ಕೆಳಗಿನ ಬಳೆ ಒಂದು ಬಿಟ್ಟೀಯಲ್ಲೋ ತಮ್ಮಾ’ ಎಂದರು. ಎಣಿಸಿದ. ಬಿಟ್ಟಿದ್ದ.

ಹುಡುಗಿ ಆರಿಸಿಕೊಂಡದ್ದು ಮಂಡಕ್ಕಿ ಭಟ್ಟಿಯನ್ನು. ಇಲ್ಲಿ ಸ್ವಲ್ಪ ಹಿಂದಿನ ಮಾತು ಹೇಳಬೇಕು. ಅವಳು ನಮ್ಮಲ್ಲಿಗೆ ಬರತೊಡಗಿದ ಹೊಸದರಲ್ಲಿ ಅವಳ ತಂದೆ ಅಶೋಕ ಟಾಕೀಸಿನ ಬಳಿ ಹಳಿ ದಾಟಿ ಸ್ಕೂಟರಿನಲ್ಲಿ ಕರೆತಂದು, ಪಾಠ ಮುಗಿಯುವ ತನಕ ಬೀದಿಯ ತಿರುವಿನಲ್ಲಿ ಕೂತಿರುತ್ತಿದ್ದರು. ಒಳಗೆ ಬನ್ನಿ ಎಂದರೆ, ಪರವಾಗಿಲ್ಲ ಎನ್ನುತ್ತಿದ್ದರು. ಸಭ್ಯರು, ಕೆಟ್ಟವರಲ್ಲ. ನಮ್ಮ ಬೀದಿಗಳ ಬಗ್ಗೆ ಅವರಿಗೂ ಎಲ್ಲಿಂದಲೋ ಕಾಗದ ಬಂದಿತ್ತು. ಅದರಲ್ಲಿ ಚಿಪ್ಪಿದೆ, ಕೊಂಬಿದೆ ಎಂದು ಬರೆದಿತ್ತು. ಮಗಳು ಭಟ್ಟಿ ನೋಡಬೇಕು ಎಂದಾಗ ಮನೆಯಲ್ಲಿ ಎರಡು ವಾರ ಮಾತಾಯಿತಂತೆ. ಆಮೇಲೆ ಒಂದು ಭಾನುವಾರ ತಂದೆಯೇ ಅವಳ ಜತೆ ಭಟ್ಟಿಗೆ ಬಂದರು.

ಒಳಗೆ ಬೆಂಕಿಯ ಬಾಯಿ, ಕಾದ ಮರಳು, ಅದರಲ್ಲಿ ಅರೆಕ್ಷಣದಲ್ಲಿ ಅರಳುವ ಅಕ್ಕಿ. ಗೋಡೆ, ಜಂತಿ, ಜೇಡರ ಬಲೆ ಎಲ್ಲವೂ ಮಸಿ. ಹುಡುಗಿ ಹೊಸಿಲ ಬಳಿ ಹಲಗೆ ಇಟ್ಟುಕೊಂಡು ಕೂತಳು. ಅಲ್ಲಿ ಮೂರನೆಯ ಸಾಲು ಗೆರೆಯೂ ಸಾಲದೆ ನಾಲ್ಕನೆಯದನ್ನು ಹಾಕಿದಳು. ಹಾಳೆಯನ್ನು ಮುಟ್ಟದೆ ಬಿಟ್ಟದ್ದು ಎರಡೇ ಕಡೆ: ಬೆಂಕಿ ಮತ್ತು ಮಂಡಕ್ಕಿಯ ರಾಶಿ. ತಂದೆ ಹೊರಗೆ ಚಹಾ ಕುಡಿಯುತ್ತ, ಚೀಲಕ್ಕೆ ಎಷ್ಟು ಸೇರು, ಲಾರಿ ಯಾವ ಊರಿಗೆ ಎಂದು ಕೇಳುತ್ತಿದ್ದರು.

ಮುಗಿದ ಮೇಲೆ ಅವಳು ಚಿತ್ರವನ್ನು ಹುಡುಗನ ಅಪ್ಪನ ಮುಂದೆ ಹಿಡಿದಳು.

‘ಅಂಕಲ್, ಸರಿ ಬಂದೈತಾ ನೋಡ್ರಿ.’

ಅವರು ಕೈಯ ಮರಳನ್ನು ಲುಂಗಿಗೆ ಒರೆಸಿಕೊಂಡರು. ಹಾಳೆಯನ್ನು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ಆ ಬೆಂಕಿಯ ಮುಂದೆ ನಿಂತವರನ್ನು ಇದು ಸರಿಯಾ ಎಂದು ಯಾರೂ ಕೇಳಿದಂತಿರಲಿಲ್ಲ.

‘ಚೆನ್ನಾಗೈತಮ್ಮಾ. ಆದ್ರೆ ಜರಡಿ ಆ ಕಡೆ ಇರಲ್ಲ. ಬಲಗೈಯಾಗೆ ಸೌಟು ಇರ್ತತಲ್ಲ, ಜರಡಿ ಎಡಕ್ಕೇ ಬರಬೇಕು.’

ಮಸಿ ಒಣಗಿದ ಮೇಲೆ ತಿದ್ದುವುದಕ್ಕೆ ಒಂದೇ ದಾರಿ. ಬ್ಲೇಡಿನ ಮೂಲೆಯಿಂದ ಹಾಳೆಯ ಮೇಲ್ಪದರವನ್ನು ಮೆಲ್ಲಗೆ ಕೆರೆಯಬೇಕು, ಕೆರೆದ ಜಾಗವನ್ನು ಉಗುರಿನಿಂದ ಉಜ್ಜಿ ನುಣುಪು ಮಾಡಬೇಕು, ಆಮೇಲೆ ಹೊಸ ಗೆರೆ. ಕೆರೆದ ಗುರುತು ಪೂರ್ತಿ ಹೋಗುವುದಿಲ್ಲ. ಅವಳು ನನ್ನಿಂದ ಬ್ಲೇಡು ಇಸಿದುಕೊಂಡು ಅಲ್ಲೇ ಹೊಸಿಲ ಮೇಲೆ ಕೂತಳು. ಅವರು ಪಕ್ಕದಲ್ಲಿ ನಿಂತು, ಇಲ್ಲಿ ಎಂದು ಬೆರಳು ತೋರಿಸಿದರು.